ಅಮ್ಮ ಬಿಚ್ಚಿದ ರೆಕಾರ್ಡ್ ಪ್ಲೇಯರ್

ನನ್ನ ಟರ್ನ್‌ಟೇಬಲ್‌ಗೆ ಹೊಲಿಗೆ ಮಿಷನ್ ಎಣ್ಣೆ ಬಿಡುವಾಗೆಲ್ಲ ದೆಹಲಿಯ ನಮ್ಮ ಸರ್ಕಾರಿ ಕ್ವಾರ್ಟರ್ಸ್‌ನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ತಾತನ ರೆಕಾರ್ಡ್ ಪ್ಲೇಯರನ್ನು ಅಪ್ಪ ಮೈಸೂರಿನಿಂದ ರೈಲಿನಲ್ಲಿ ತಂದಿದ್ದರು. ಅದರ ತಟ್ಟೆ ತಿರುಗುತ್ತಿರಲಿಲ್ಲ. ಮೆಕ್ಯಾನಿಕ್ ಭಯ್ಯಾ ನೋಡಿ, ಕಬಾಡಿಗೆ, ಗುಜರಿಗೆ ಹಾಕಿ ಅಂದಿದ್ದ. ಅಪ್ಪ ಆಫೀಸಿಗೆ ಹೋದ ಮೇಲೆ ಅಮ್ಮ ಹಳೇ ಸೀರೆ ಹಾಸಿ ಅದನ್ನು ಬಿಚ್ಚಿಕೊಂಡು ಕೂತಳು.

“ಜಿಡ್ಡು ಗಟ್ಟಿಯಾಗಿದೆ ಕಣೇ, ಅಷ್ಟೇ. ನನ್ನ ಹೊಲಿಗೆ ಮಿಷನ್ನೂ ಹೀಗೇ ಮುನಿಸಿಕೊಳ್ಳುತ್ತೆ.”

ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಎರಡು ಹನಿ ಎಣ್ಣೆ ಬಿಟ್ಟಳು. ತಟ್ಟೆಯನ್ನು ತಿರುಗಿಸಬೇಕಾದ, ನುಣುಪಾಗಿ ಜಾರುತ್ತಿದ್ದ ರಬ್ಬರ್ ಗಾಲಿಯನ್ನು ನನ್ನ ಕೈಯಲ್ಲಿ ಉಪ್ಪುಕಾಗದದಿಂದ ಉಜ್ಜಿಸಿದಳು. ತಟ್ಟೆ ತಿರುಗಿತು. ರೆಕಾರ್ಡಿನ ಅಂಚನ್ನಷ್ಟೇ ಹಿಡಿದು ಇಟ್ಟು, ಮುಳ್ಳನ್ನು ಮೆಲ್ಲಗೆ ಇಳಿಸಿದಳು. ಕರಕರ ಸದ್ದಿನ ಬೆನ್ನಿಗೇ ವೀಣೆ ಕೇಳಿಸಿತು.

ಪಕ್ಕದ ಮನೆಯ ಆಂಟಿ ಬಂದು, “ಅರೇ, ಕಿಸ್ ಮೆಕ್ಯಾನಿಕ್ ನೇ ಠೀಕ್ ಕಿಯಾ?” ಎಂದು, ಯಾವ ಮೆಕ್ಯಾನಿಕ್ ಸರಿಮಾಡಿದ್ದೆಂದು ಕೇಳಿದರು. ಯಾರು ಹಿಂದಿಯಲ್ಲಿ ಏನು ಕೇಳಿದರೂ ಅಮ್ಮ ನನ್ನ ಮುಖ ನೋಡುತ್ತಿದ್ದಳು, ಉತ್ತರ ನಾನು ಕೊಡುತ್ತಿದ್ದೆ. ಅಂದು ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ತಾನೇ ಮಾಡಿದ್ದೆಂದು ಹಿಂದಿಯಲ್ಲೇ ಹೇಳಿದಳು: “ಮೈನೇ ಕಿಯಾ.”

ನಾನು ಅವಳ ಪಕ್ಕದಲ್ಲಿ ನೆಟ್ಟಗೆ ನಿಂತೆ.