ಸೊಟ್ಟ ಹಿಮ್ಮಡಿ

ಎದೆಯ ಆಪರೇಷನ್ ಆದ ಮೇಲೆ ಆರು ವಾರ ಮನೆಯಲ್ಲೇ ಇರಬೇಕೆಂದು ಡಾಕ್ಟರು ಹೇಳಿದ್ದರೂ ಮೇಷ್ಟ್ರು ಮನೆಗೆ ಬಂದ ನಾಲ್ಕನೇ ದಿನಕ್ಕೇ ಸ್ಕೂಟರಿನ ಕೀ ಹುಡುಕತೊಡಗಿದರು. ಹೆಂಡತಿ ಅವರ ಕೈಗೆ ಉಲ್ಲನ್ ದಾರ, ಕಡ್ಡಿ ಕೊಟ್ಟು ಕಾಲುಚೀಲ ಹೆಣೆಯಲು ಕೂರಿಸಿದರು.

ಮೊದಲನೆಯದು ಆನೆಯ ಕಾಲಿಗಾಗುವಂತಿತ್ತು. ಎರಡನೆಯದರಲ್ಲಿ ಹೆಬ್ಬೆರಳೂ ತೂರಲಿಲ್ಲ. ಆಮೇಲಿನ ಮೂರು ಮೇಷ್ಟ್ರ ಕಣ್ಣಿಗೆ ಚೆನ್ನಾಗಿಯೇ ಇದ್ದವು. ಆಕೆ ಮಾತ್ರ ಪ್ರತಿ ಸಲವೂ, "ಹಿಮ್ಮಡಿ ಸೊಟ್ಟ ರೀ, ಬಿಚ್ಚಿ" ಎನ್ನುತ್ತಿದ್ದರು.

ಇವತ್ತು ಮೇಷ್ಟ್ರು, ಹೋದ ವರ್ಷ ಹೆಂಡತಿಯೇ ಹೆಣೆದಿದ್ದ ಕಾಲುಚೀಲವನ್ನು ಬೀರುವಿನಿಂದ ತೆಗೆದು, ತಮ್ಮದೆಂದು ಮುಂದಿಟ್ಟರು.

"ಹಿಮ್ಮಡಿ ಸೊಟ್ಟ. ಬಿಚ್ಚಿ."

"ಸಿಕ್ಕಿಬಿದ್ದೆ ನೋಡು! ಇದು ನೀನೇ ಹೆಣೆದದ್ದು ಕಣೇ!"

ಆಕೆ ಹುರುಳಿಕಾಯಿ ನಾರು ತೆಗೆಯುತ್ತಲೇ ಅಂದರು: "ನಾನು ಹೆಣೆದದ್ದು ನನಗೆ ಗೊತ್ತಾಗಲ್ವಾ? ಇನ್ನೂ ಎರಡು ವಾರ ಇದೆ. ಬಿಚ್ಚಿ."