ಐವತ್ತನಾಲ್ಕು ನಿಮಿಷದ ಸುತ್ತು

ರೈಲಿನ ಬಾಗಿಲು ತೆರೆದದ್ದೇ ತಡ, ಮಗಳು ಒಳಗೆ ಹಾರಿ ಕಿಟಕಿ ಪಕ್ಕದ ಜಾಗ ಹಿಡಿದಳು. ಹಿಂದೆಯೇ ಹತ್ತಿದ ಅಪ್ಪ ಇದೇ ರೈಲಿನ ಡ್ರೈವರ್, ಇವತ್ತು ಅವನಿಗೆ ವಾರದ ರಜೆ. ರಜೆಯಲ್ಲೂ ರೈಲೇ ಗತಿ. ಅವನಿರುವ ಕೋಣೆ ಮೂವರ ಜೊತೆ ಹಂಚಿಕೊಂಡದ್ದು, ಅಲ್ಲಿಗೆ ಮಗಳನ್ನು ಕರೆದೊಯ್ಯುವ ಹಾಗಿಲ್ಲ. ಬೇರೆಯಾದಾಗ ಅವಳ ಅಮ್ಮನ ಜೊತೆ ಆಗಿದ್ದ ಮಾತು ಇಷ್ಟೇ: ಭಾನುವಾರಕ್ಕೊಂದು ಸುತ್ತು. ಊರನ್ನು ಬಳಸಿ ಹೊರಟಲ್ಲಿಗೇ ಬರಲು ಆಗ ಈ ರೈಲಿಗೆ ಒಂದು ಗಂಟೆ ಬೇಕಿತ್ತು. ಆ ಒಂದು ಗಂಟೆ ಅಪ್ಪನದು. ಅಮ್ಮ ಅಷ್ಟು ಹೊತ್ತೂ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕೂತಿರುತ್ತಾಳೆ.

ಮಗಳ ಬಾಯಿಗೆ ಬಿಡುವಿರಲಿಲ್ಲ. ಬಿದ್ದ ಹಲ್ಲು, ಮುನಿಸಿಕೊಂಡ ಗೆಳತಿ, ಟೀಚರ್ ಸೀನಿದ್ದು. ಡ್ರೈವರ್ ಮಾತ್ರ ಅಭ್ಯಾಸಬಲದಿಂದ ಸ್ಟೇಷನ್ ಬಂದಾಗಲೆಲ್ಲ ಗಡಿಯಾರ ನೋಡುತ್ತಿದ್ದ. ನದಿ ಸೇತುವೆ ದಾಟುವಾಗ ಅವನು ಗಡಿಯಾರವನ್ನು ಮತ್ತೊಮ್ಮೆ ನೋಡಿದ. ಆಗಲೇ ಮೂರು ನಿಮಿಷ ಮುಂದಿದ್ದಾರೆ!

ಇವತ್ತಿನಿಂದ ಹೊಸ ವೇಳಾಪಟ್ಟಿ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಖಾಲಿ ರೈಲನ್ನು ಐವತ್ತನಾಲ್ಕು ನಿಮಿಷದಲ್ಲಿ ಒಂದು ಸುತ್ತು ಹಾಕಿಸಿ, ಆಗುತ್ತದೆ ಎಂದು ತೋರಿಸಿದವನೇ ಅವನು. ಸಾಹೇಬರು ಬೆನ್ನು ತಟ್ಟಿದ್ದರು, ಅವನು ಉಬ್ಬಿಹೋಗಿದ್ದ. ಭಾನುವಾರದ ಯೋಚನೆ ಮಾತ್ರ ಬಂದಿರಲಿಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದ.

"ಯಾಕಪ್ಪಾ ಸುಮ್ನಾದೆ?"

"ರೈಲು ಬೇಗ ಹೋಗ್ತಿದೆ, ಮರಿ. ನಾನೇ ಮಾಡಿದ್ದು."

ಮಗಳು ಎದುರು ಸೀಟಿನ ಅಜ್ಜಿಯತ್ತ ತಿರುಗಿದಳು. "ಅಜ್ಜೀ, ಈ ರೈಲು ಬೇಗ ಹೋಗೋ ಹಾಗೆ ಮಾಡಿದ್ದು ನಮ್ಮಪ್ಪ!"

"ಹೌದೇನಪ್ಪಾ? ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದಳು ಅಜ್ಜಿ. ಡ್ರೈವರ್‌ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಹದಿನಾರು ವರ್ಷ ಕೆಂಪು ಸಿಗ್ನಲ್ಲಿಗೆ ಶಾಪ ಹಾಕಿದವನು, ಇವತ್ತು ಒಂದಾದರೂ ಕೆಂಪಾಗಲಿ ಎಂದು ಕಾದ. ದಾರಿಯುದ್ದಕ್ಕೂ ಹಸಿರೇ.

ಪ್ಲಾಟ್‌ಫಾರ್ಮಿಗೆ ಇಳಿದವನು ಬೆಂಚಿನ ಮುಂದೆ ತಪ್ಪಿತಸ್ಥನ ಹಾಗೆ ನಿಂತ. "ಆರು ನಿಮಿಷ ಮುಂಚೆ ಬಂದ್ಬಿಡ್ತು."

"ಗೊತ್ತು. ಹೊಸ ಟೈಮು ಬೋರ್ಡ್ ಮೇಲೆ ಹಾಕಿದಾರೆ," ಎಂದಳು ಮಗಳ ಅಮ್ಮ, ಪುಸ್ತಕದಿಂದ ತಲೆ ಎತ್ತದೆ.

ಡ್ರೈವರ್ ಮಗಳ ಕೈ ಬಿಟ್ಟ. "ಸರಿ, ನಾನಿನ್ನು ಬರ್ತೀನಿ."

"ಎಲ್ಲಿಗೆ? ಗಂಟೆ ಇನ್ನೂ ಆಗಿಲ್ವಲ್ಲ." ಬೆಂಚಿನ ಮೇಲಿದ್ದ ತನ್ನ ಚೀಲವನ್ನು ಅಮ್ಮ ತೊಡೆಗೆ ಎತ್ತಿಕೊಂಡಳು.

ಅವನು ತುದಿಯಲ್ಲಿ ಕೂತ. ಮಗಳು ಇಬ್ಬರ ನಡುವೆ ತೂರಿಕೊಂಡಳು. ಮೂವರೂ ಹೀಗೆ ಒಟ್ಟಿಗೆ ಕೂತು ಎರಡು ವರ್ಷವಾಗಿತ್ತು. ಮಗಳ ಅಮ್ಮನ ಕೂದಲಿಗೆ ಈಗಲೂ ಅದೇ ಎಣ್ಣೆಯ ವಾಸನೆ. ಏನಾದರೂ ಹೇಳಬೇಕೆಂದು ಅವನ ಜೀವ ಹಾತೊರೆಯಿತು. ಬಾಯಿ ತೆರೆದರೆ ಎಲ್ಲಿ ಎದ್ದುಬಿಡುತ್ತಾಳೋ ಎಂದು ಹೆದರಿ ಗಡಿಯಾರ ನೋಡಿದ. ಎದುರಿನ ಹಳಿಯಲ್ಲಿ ಒಂದು ರೈಲು ಬಂತು, ಹೋಯಿತು. ಅವಳು ಪುಸ್ತಕದ ಒಂದು ಪುಟವನ್ನೂ ತಿರುಗಿಸಲಿಲ್ಲ.

ಗಂಟೆ ಆಯಿತು. ಅವಳು ಎದ್ದು ಸೆರಗು ಸರಿಮಾಡಿಕೊಂಡು ಮೆಟ್ಟಿಲ ಕಡೆ ನಡೆದಳು. ಮಗಳು ಹಿಂದೆ ಓಡುವ ಮುನ್ನ ಅಪ್ಪನ ತೋಳು ಜಗ್ಗಿ, ಕಿವಿಯಲ್ಲಿ ಪಿಸುಗುಟ್ಟಿದಳು:

"ಅಪ್ಪಾ, ಇನ್ನೂ ಬೇಗ ಓಡ್ಸೋಕೆ ಆಗಲ್ವಾ?"