ಪೈಪಿನ ಮೂರು ಬಡಿತ

ಟಣ್. ಟಣ್. ಟಣ್.

ಮಾದಿಯಾರ್ ಹಲ್ಲು ಕಡಿದ. ಹೊಸ ಮುಳ್ಳು ರೆಕಾರ್ಡಿನ ಮೇಲೆ ಇಳಿದು ಒಂದು ಹಾಡೂ ಮುಗಿದಿರಲಿಲ್ಲ. ಕೆಳಗಿನ ಮನೆಯ ಮುದುಕಿ ಉಮ್ಸಿನ್ ಆಗಲೇ ಬಿಸಿನೀರಿನ ಪೈಪು ಬಡಿದಿದ್ದಳು. ಅಲ್ಮಾಟಿಯ ಹಳೆಯ ಕಟ್ಟಡಗಳಲ್ಲಿ ಕೆಳಗಿನವರು ಪೈಪು ಬಡಿದರೆ ಅರ್ಥ ಒಂದೇ: ಸದ್ದು ನಿಲ್ಲಿಸು.

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!" ಎಂದು ನೆಲಕ್ಕೆ ಕೇಳಿಸುವಂತೆ ಕೂಗಿದ.

ಇದು ಮೊದಲನೆಯ ಸಲವಲ್ಲ. ಆಂಪ್ಲಿಫೈಯರ್ ಬದಲಿಸಿದ ದಿನವೂ ಬಡಿದಿದ್ದಳು, ಸ್ಪೀಕರ್ ಬದಲಿಸಿದ ದಿನವೂ ಬಡಿದಿದ್ದಳು. ಮಾರನೆಯ ದಿನದಿಂದ ಗೋಡೆ ನಡುಗುವಂತೆ ಹಾಡು ಹಾಕಿದರೂ ತೆಪ್ಪಗಿರುತ್ತಿದ್ದಳು. ಹೊಸದು ಬಂದ ದಿನ ಮಾತ್ರ ಈ ಕಾಟ. ಮಾದಿಯಾರ್‌ಗೆ ಕಾರಣ ಸ್ಪಷ್ಟವಿತ್ತು. ಕಿಟಕಿಯಲ್ಲಿ ಕೂತು ಪೆಟ್ಟಿಗೆಗಳು ಮೇಲೇರುವುದನ್ನು ನೋಡುತ್ತಾಳೆ, ಹೊಟ್ಟೆಕಿಚ್ಚು.

ಅವನಿಗೆ ಇಂಥವರು ಹೊಸಬರಲ್ಲ. ಮೂರನೇ ಆಂಪ್ಲಿಫೈಯರ್ ಬಂದ ವಾರ ಹೆಂಡತಿ ತವರಿಗೆ ಹೋಗಿದ್ದಳು. ಅವಳ ಬೀರು ಇದ್ದ ಮೂಲೆಯಲ್ಲಿ ಸ್ಪೀಕರ್ ಚೆನ್ನಾಗಿ ಕೂತಿತು.

ಈ ಸಲ ಮಾತ್ರ ಬಿಡುವಂತಿರಲಿಲ್ಲ. ಭಾನುವಾರ ಕಲೀಬೆಕ್ ಆಗಾ ಬರುವವರಿದ್ದರು. ಎಲ್ಲರೂ ಗೌರವದಿಂದ ಆಗಾ, ಅಂದರೆ ಅಣ್ಣ, ಎನ್ನುತ್ತಿದ್ದ ಅವರೇ ನಗರದ ರೆಕಾರ್ಡ್ ಕೂಟಕ್ಕೆ ಹಿರಿಯರು. ವಯಸ್ಸಾಯಿತೆಂದು ಅಧ್ಯಕ್ಷರ ಕುರ್ಚಿ ಬಿಡುತ್ತಿದ್ದರು. ಯಾರ ಮನೆಯ ನಾದ ಮೆಚ್ಚುವರೋ ಅವರಿಗೇ ಕುರ್ಚಿ. ಅಷ್ಟರೊಳಗೆ ಇನ್ನಷ್ಟು ಹೊಸದು ಸೇರಿಸುವುದಿತ್ತು; ಹಾಡಿನ ನಡುವೆ ಆ ಮೂರು ಬಡಿತ ಬಿದ್ದರೆ ಎಲ್ಲ ಮುಗಿಯಿತು.

ಮಾದಿಯಾರ್ ಕೆಳಗಿಳಿದು ಬೆಲ್ ಒತ್ತಿದ. ಸದ್ದಿಲ್ಲ. ಬಾಗಿಲ ಮೇಲಿನ ಗಾಜಿನಾಚೆ ದೀಪವೊಂದು ಹೊತ್ತಿ ಆರಿತು, ಅಷ್ಟೆ. ಬೆಲ್ ರಿಪೇರಿಗೂ ಜಿಪುಣತನ. ಬಾಗಿಲು ತೆರೆಯಿತು.

"ನೋಡಜ್ಜಿ, ನಿನಗೆ ಸಂಗೀತ ಸೇರದಿದ್ರೆ ಕಿವಿಗೆ ಹತ್ತಿ ತುರುಕ್ಕೋ. ಇನ್ನೊಂದ್ಸಲ ಬಡಿದ್ಯೋ, ಆ ಪೈಪನ್ನೇ ಕಿತ್ತು ಹಾಕ್ತೀನಿ!"

ಉಮ್ಸಿನ್ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅಗಲವಾಗಿ ನಕ್ಕು, ಎದೆಯ ಮೇಲೆ ಕೈಯಿಟ್ಟು ಬಾಗಿದಳು. ಅಣಕಿಸುವುದರಲ್ಲೂ ಎಷ್ಟು ಶಿಸ್ತು!

ಗುರುವಾರದ ಹೊತ್ತಿಗೆ ಸ್ಪೀಕರುಗಳ ಕೆಳಗೆ ರಬ್ಬರು, ಅದರ ಕೆಳಗೆ ಗ್ರಾನೈಟ್ ಚಪ್ಪಡಿ, ಅದರ ಕೆಳಗೆ ಮತ್ತೆ ರಬ್ಬರು ಬಂತು. ಪೈಪಿಗೆ ದಪ್ಪ ಉಣ್ಣೆಯ ಕಂಬಳಿ ಸುತ್ತಿದ. ರೆಕಾರ್ಡ್ ಹಾಕಿ ಕಾದ. ಬಡಿತವಿಲ್ಲ. ಶುಕ್ರವಾರವೂ ಇಲ್ಲ, ಶನಿವಾರವೂ ಇಲ್ಲ. ಮುದುಕಿ ಸೋತಿದ್ದಳು.

ಭಾನುವಾರ ಕಲೀಬೆಕ್ ಆಗಾ ಇಬ್ಬರು ಗೆಳೆಯರೊಡನೆ ಬಂದರು. ಚಪ್ಪಡಿ ಕಂಡದ್ದೇ ಹೊಸ್ತಿಲಲ್ಲೇ ನಿಂತರು.

"ಹೊಸದಾ? ಶುಭವಾಗಲಿ ಕಣಪ್ಪ, ಶುಭವಾಗಲಿ!" ಎಂದು ಚಾಕೊಲೇಟ್ ಡಬ್ಬಿಯನ್ನು ಅವನ ಕೈಗಿಟ್ಟರು. ಹೊಸ ಸಾಮಾನು ಕಂಡವರು ಹರಸದೆ ಇರುವಂತಿಲ್ಲ, ಅದು ಅಲ್ಲಿಯ ಪದ್ಧತಿ.

ಮುಳ್ಳು ಇಳಿಯಿತು. ನಗಾರಿ ಗುಡುಗಿತು. ಗೆಳೆಯರಲ್ಲೊಬ್ಬ ಸರಿಯಾಗಿ ಮೆಲುದನಿಯ ಭಾಗದಲ್ಲೇ ಚಹಾ ಸೊರ್ರೆಂದು ಹೀರಿದ. ಮಾದಿಯಾರ್ ಅವನನ್ನೂ ಮನಸ್ಸಿನಲ್ಲೇ ಕತ್ತೆಗಳ ಸಾಲಿಗೆ ಸೇರಿಸಿದ. ಪೈಪು ಮಾತ್ರ ಮೌನವಾಗಿತ್ತು.

ಕಲೀಬೆಕ್ ಆಗಾ ಕಣ್ಣು ತೆರೆದರು. "ಇದು ಸ್ಪೀಕರಿಗೆ ಹಾಕಿಸಿದ ಬೆಳ್ಳಿ ತಂತಿಯ ಮಹಿಮೆ. ಹೋದ ತಿಂಗಳು ನಾನೇ ಆರಿಸಿ ಕೊಡಿಸಿದ್ದು. ನಾದ ಹೇಗೆ ಬದಲಾಯ್ತು, ಕೇಳಿದ್ರಾ?"

"ಹಾಲಲ್ಲಿ ತೊಳೆದ ಹಾಗಿದೆ," ಎಂದ ಚಹಾದವನು.

"ಆಗಾ, ನಿಮ್ಮ ತಂತಿಗೆ ಇನ್ನೊಂದು ಸಾಕ್ಷಿ ಇದೆ," ಎಂದ ಮಾದಿಯಾರ್. "ಕೆಳಗಡೆ ಒಬ್ಬಳು ಮುದುಕಿ ಇದಾಳೆ. ಏನೇ ಹೊಸದು ಹಾಕಿದ್ರೂ ಪೈಪ್ ಬಡೀತಾಳೆ. ಹೋದ ತಿಂಗಳು ಈ ತಂತಿ ಹಾಕಿದ ದಿನ ಮಾತ್ರ, ಪೈಪಿಗೆ ಕಂಬಳಿ ಸುತ್ತೋಕೆ ಮೊದಲೇ, ಉಸಿರೆತ್ತಲಿಲ್ಲ!"

"ಒಳ್ಳೆ ನಾದಕ್ಕೆ ಹಾವೂ ತಲೆದೂಗುತ್ತಂತೆ, ಮುದುಕಿ ಯಾವ ಲೆಕ್ಕ!" ಎಂದರು ಆಗಾ.

ಎಲ್ಲರೂ ನಕ್ಕರು. ಕಲೀಬೆಕ್ ಆಗಾ ಅವನ ಬೆನ್ನು ತಟ್ಟಿದರು. "ಕುರ್ಚಿ ನಿಂದೇ ಕಣಪ್ಪ."

ಆಗಲೇ ಬಾಗಿಲು ಬಡಿದ ಸದ್ದಾಯಿತು.

ಹೊರಗೆ ಉಮ್ಸಿನ್ ನಿಂತಿದ್ದಳು. ಕೈಯಲ್ಲಿ ಆಗಷ್ಟೇ ಕರಿದ ಹಿಟ್ಟಿನುಂಡೆ, ಬಾವುರ್ಸಾಕ್, ತುಂಬಿದ ತಟ್ಟೆ, ಪಕ್ಕದಲ್ಲೊಬ್ಬ ಹೆಂಗಸು. ಮುದುಕಿ ತಟ್ಟೆಯನ್ನು ಮಾದಿಯಾರ್‌ಗೆ ಕೊಟ್ಟು, ಖಾಲಿಯಾದ ಬೆರಳುಗಳನ್ನು ಗಾಳಿಯಲ್ಲಿ ಸರಸರನೆ ಆಡಿಸಿದಳು.

"ನಾನು ಇವರ ಸೊಸೆ ಅಣ್ಣ, ಸೆಮೆ ಊರಿಂದ ನಿನ್ನೆ ಬಂದೆ," ಎಂದಳು ಆ ಹೆಂಗಸು. "ನಿಮ್ಮ ಯಂತ್ರ ಕೆಟ್ಟೋಯ್ತಾ ಅಂತ ಅತ್ತೆ ಕೇಳ್ತಿದಾರೆ. ಗುರುವಾರದಿಂದ ಪೈಪಲ್ಲಿ ಏನೂ ಬರ್ತಿಲ್ವಂತೆ. ಪಾಪ, ಬೇಜಾರಾಗಿದಾರೆ."

"ಪೈಪಲ್ಲಿ ಏನು ಬರ್ಬೇಕಿತ್ತು?"

"ಅಯ್ಯೋ, ನಿಮಗೆ ಗೊತ್ತಿಲ್ವಾ? ಅತ್ತೆಗೆ ಹುಟ್ಟಿದಾಗಿಂದ ಕಿವಿ ಕೇಳ್ಸಲ್ಲ. ಪೈಪ್ ಮೇಲೆ ಕೈಯಿಟ್ಟೇ ನಿಮ್ಮ ಸಂಗೀತ ಕೇಳೋದು. ನೀವು ಹೊಸದೇನಾದ್ರೂ ಹಾಕಿದ್ರೆ ಇವರ ಕೈಗೆ ತಕ್ಷಣ ಗೊತ್ತಾಗುತ್ತಂತೆ. ಹೊಸದಕ್ಕೆ ಹರಸದೆ ಇರೋಕಾಗುತ್ತಾ? ಅದಕ್ಕೇ ಮೂರು ಸಲ ಬಡೀತಿದ್ರಂತೆ. ನಾದ ಬದಲಾದಾಗ ಒಂದ್ಸಲಾನೂ ತಪ್ಪಿಸಿಲ್ಲ ಅಂತಾರೆ."

ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ಬೆಳ್ಳಿ ತಂತಿಯ ಕಡೆ ಹೊರಳಿತು.